ತಟ್ಟೆಯ ತಳದ ತಾರೀಖು

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮೇಡಂಗೆ ಒಳಗಿನ ನಗು ಕೇಳಿಸಿತು. ಸತ್ತವರ ಮೇಲೆ ಅಕ್ಕರೆಯಿದ್ದ ಮನೆಯಲ್ಲಷ್ಟೇ ಅಂಥ ನಗು ಏಳುವುದು.

"ಬನ್ನಿ ಮೇಡಂ," ಮಗಳು ಕಣ್ಣೊರೆಸಿಕೊಂಡು ಕುರ್ಚಿ ಎಳೆದಳು. "ಅಮ್ಮನ ಮರೆವಿನ ಕತೆ ಹೇಳ್ತಿದ್ವಿ. ನೀವೇ ಬರೆದದ್ದು."

ನಡುಮನೆಯಲ್ಲಿ ಗಾಜಮ್ಮನನ್ನು ಹೂಹಾರ ಹಾಕಿ ಮಲಗಿಸಿದ್ದರು. ಮೂವತ್ತು ವರ್ಷ ಮೇಡಂ ಅವರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಗಳಿಸಿದ ಅಡ್ಡಹೆಸರು ಅದು. ಒಂದು ನಳಿಕೆಯನ್ನೂ ಒಡೆದವಳಲ್ಲ.

ಮೊಮ್ಮಗಳು ಶಾಲೆಯ ಪುಸ್ತಕ ತೆರೆದು ಓದಿದಳು: "'ಮೂರು ವರ್ಷವಾದರೂ ಮೊಳೆಯದ ಕಾಡುಬೀಜಗಳ ತಟ್ಟೆಯನ್ನು ಸಹಾಯಕಿಯೊಬ್ಬಳು ಒಲೆಯ ಹೊಗೆಯ ಬಳಿ ಮರೆತುಬಿಟ್ಟಳು. ಆ ಮರೆವೇ ವಿಜ್ಞಾನಕ್ಕೆ ವರವಾಯಿತು.' ಅದು ನಮ್ಮಜ್ಜಿ."

"ಎಷ್ಟು ರೇಗಿಸಿದೀನಿ," ಅಂದ ಅಳಿಯ. "ಸಾರಿಗೆ ಉಪ್ಪು ಹೆಚ್ಚಾದ್ರೆ ಸಾಕು, ಮರೆತು ಎರಡು ಸಲ ಹಾಕಿದ್ರಾ ಅತ್ತೆ, ಇನ್ನೊಂದು ಬಹುಮಾನ ಬಂತು ಬಿಡಿ ಅಂತಿದ್ದೆ. ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ."

*

ವರ್ಷಗಳ ಹಿಂದೆ ಪ್ರಯೋಗಾಲಯದಲ್ಲಿ ಗಾಜಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಮಣ್ಣಿನ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟಿದ್ದಳು. ತುಂಬ ಹಸಿರು ಮೊಳಕೆ.

"ಕಾಡಿಗೆ ಬೆಂಕಿ ಬಿದ್ದ ಮೇಲೇನೇ ಅಲ್ವಾ ಮೇಡಂ ಚೆನ್ನಾಗಿ ಚಿಗುರೋದು? ಅದಕ್ಕೇ ನೀವು ಎಸೆದ ಬೀಜಕ್ಕೆ ಹೊಗೆ ಕೊಟ್ಟು ನೋಡ್ದೆ. ಹನ್ನೊಂದು ಸಲ ಕೈಕೊಡ್ತು."

ತಟ್ಟೆಯ ತಳದಲ್ಲಿ ಪೆನ್ಸಿಲಿನ ಹನ್ನೆರಡು ತಾರೀಖು. ಒಂದೊಂದರ ಎದುರಿಗೂ ಹೊಗೆ ಕೊಟ್ಟ ನಿಮಿಷ.

ಮೇಡಂ ಪ್ರಕಟಿಸಿದ ಪ್ರಬಂಧದಲ್ಲಿ ಅವು 'ನಾವು ಪರೀಕ್ಷಿಸಿದೆವು' ಎಂದಾದವು. ಆಮೇಲೆ ಬಹುಮಾನ, ಭಾಷಣಗಳು ಬಂದವು. ದೊಡ್ಡ ಶೋಧವೆಂದರೆ ಆಕಸ್ಮಿಕವಾಗಿ ಒದಗಿ ಬರುವಂಥದ್ದು ಎಂಬ ಕತೆಯನ್ನೇ ಕೇಳಿ ಬೆಳೆದ ಜನ. ಮೇಡಂ ಮೊದಲ ಸಲ 'ಮರೆತಳು' ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಗಾಜಮ್ಮನೂ ತಟ್ಟಿದಳು, ಸ್ವಲ್ಪ ತಡವಾಗಿ. ಹತ್ತಾರು ಸಲ ಹೇಳುವಷ್ಟರಲ್ಲಿ ಮೇಡಂಗೇ ಅದು ನಿಜವೆನ್ನಿಸಿಬಿಟ್ಟಿತ್ತು.

*

"ಅವರು ಮರೆತಿರಲಿಲ್ಲ," ಎಂದರು ಮೇಡಂ.

ಅಳಿಯ ಮೆಲ್ಲಗೆ ನಕ್ಕ. "ಹೋದವರ ಬಗ್ಗೆ ಹಾಗೇ ಅನ್ನಬೇಕು, ಸರಿ. ಆದ್ರೆ ಪುಸ್ತಕದಲ್ಲೇ ಅಚ್ಚಾಗಿದೆಯಲ್ಲ ಮೇಡಂ."

"ಬರೆದವಳು ನಾನು. ಸುಳ್ಳು ಬರೆದೆ. ಬೇಕಂತಲೇ, ತಟ್ಟೆಯ ತಳದಲ್ಲಿ ತಾರೀಖು ಬರೆದಿಟ್ಟು, ಹನ್ನೆರಡು ಸಲ ಮಾಡಿ ಕಂಡುಹಿಡಿದದ್ದು ಅವರು."

ಮೊಮ್ಮಗಳು ಪುಸ್ತಕ ಮುಚ್ಚಿದಳು.

"ಅಮ್ಮ ಇದ್ದಾಗ ಹೇಳಬಹುದಿತ್ತು," ಎಂದಳು ಮಗಳು.

ಮೇಡಂ ತಲೆ ತಗ್ಗಿಸಿಯೇ ನೀರು ಕೇಳಿದರು. ಮಗಳು ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕೈಯಲ್ಲಿದ್ದದ್ದು ಉಪ್ಪಿನ ಭರಣಿ. ಅದನ್ನು ಬೋರಲು ಹಿಡಿದು ಗಂಡನ ಮುಂದೆ ಚಾಚಿದಳು. ಮುಚ್ಚಳ ಕಳಚಿ ಉಪ್ಪು ನೆಲಕ್ಕೆ ಸುರಿಯುತ್ತಿದ್ದುದು ಅವಳ ಗಮನಕ್ಕೇ ಬರಲಿಲ್ಲ.

ಭರಣಿಯ ತಳದಲ್ಲಿ ಪೆನ್ಸಿಲಿನ ತಾರೀಖುಗಳು, ಎದುರಿಗೆ ಸಾರಿಗೆ ಹಾಕಿದ ಉಪ್ಪಿನ ಚಮಚದ ಅಳತೆ. ಕೊನೆಯದರ ಪಕ್ಕದಲ್ಲಿ ಸಣ್ಣ ಅಕ್ಷರ: 'ಅಳಿಯ ಇನ್ನೊಮ್ಮೆ ಬಡಿಸಿಕೊಂಡ.'