ಸುಗರಾಬಿ ಸಲಾಕೆ ಹಿಡಿದದ್ದು

ಜನಾಜಾ ಹೆಗಲಿಗೇರಿತು. ಹೊತ್ತವರು ನೆಟ್ಟಗೆ ನಿಲ್ಲುವಷ್ಟರಲ್ಲೇ ಹಿಂದಿನವರು ನಾ ಮುಂದು ತಾ ಮುಂದು ಎಂದು ಹೆಗಲು ಕೊಡಲು ನುಗ್ಗಿದರು. ಸುರಪುರದ ಮಣಿಯಾರ ಗಲ್ಲಿ ಇಷ್ಟು ಜನರನ್ನು ಎಂದೂ ಕಂಡಿರಲಿಲ್ಲ. ಫಿರೋಜಾಬಾದಿನ ಬಳೆಗಾರರು, ಹೈದರಾಬಾದಿನ ಕನ್ನಡಿ ಕೆಲಸದವರು, ಯಾದಗಿರಿ ಸ್ಟೇಷನ್ನಿನಲ್ಲಿಳಿದು ಗಾಜಿನ ಪೆಟ್ಟಿಗೆಗಳನ್ನು ಕೂಸಿನಂತೆ ಎದೆಗವಚಿಕೊಂಡು ಬಂದ ಕಲಾವಿದರು. ಗಾಜಿನ ಮೇಳಕ್ಕೆಂದು ಬಂದವರೆಲ್ಲ ತಲೆಗೆ ಕರವಸ್ತ್ರ ಕಟ್ಟಿಕೊಂಡು ಸುಗರಾಬಿಯ ಹಿಂದೆ ಹೊರಟಿದ್ದರು.

"ನಿನ್ನಿ ಸಂಜಿಮುಂದ ಬಳಿ ಮಾಡಿ ನಕ್ಕೋಂತ ಕುಂತಿದ್ಳಲ್ಲೋ ಈ ಮುದುಕಿ!" ಎಂದರು ಗುಂಪಿನಲ್ಲಿ ಯಾರೋ.

"ಅದನ್ನ ನಾನೂ ಹೇಳಾಕತ್ತೇನಿ. ಸಲಾಕಿ ಹಿಡದ್ಳು, ಬೆಳಗಾಗೂದ್ರಾಗ ಹೋದ್ಳು. ಹೆಣ್ಣಿನ ಕೈ ಹತ್ತಿದ್ರ ಭಟ್ಟಿ ಮುನಿತದಂತ ಹಿರ್ಯಾರು ಸುಮ್ಮನ ಅಂದಾರೇನು?"

ಹೊಸ್ತಿಲಲ್ಲಿ ನಿಂತಿದ್ದ ಮಗಳು ಹುಮೇರಾಗೆ ಅದು ಕೇಳಿಸಿತು. ಮುಂದೆ ಹೆಗಲು ಕೊಟ್ಟಿದ್ದ ಮಸ್ತಾನಸಾಬನಿಗೂ ಕೇಳಿಸಿತು. ಅವನು ಸುಗರಾಬಿಯ ಮೈದುನ, ಬಳೆಯ ಗಾಜು ಕರಗಿಸುವ ಆ ಭಟ್ಟಿಯ ಉಸ್ತಾದ. ತಿರುಗಿ ನೋಡಲಿಲ್ಲ, ಹೆಜ್ಜೆ ಮಾತ್ರ ಒಮ್ಮೆ ತಪ್ಪಿತು.

*

ಮದುವೆಯಾಗಿ ಬಂದ ವರ್ಷ ಸುಗರಾಬಿಗೆ ಈ ಮನೆಯಲ್ಲಿ ಸಿಕ್ಕ ಕೆಲಸವೆಂದರೆ ಕಟ್ಟಿಗೆ ಹೊರುವುದು. ಭಟ್ಟಿಯ ಸುತ್ತ ಗಂಡಸರು ಕೂತು, ಸಲಾಕೆಯ ತುದಿಗೆ ಕೆಂಪು ಗಾಜು ಅಂಟಿಸಿಕೊಂಡು, ತಿರುಗಿಸಿ ತಿರುಗಿಸಿ ಬಳೆ ಎಬ್ಬಿಸುವುದನ್ನು ಅವಳು ಹೊರೆ ಇಳಿಸುವ ನೆಪದಲ್ಲಿ ನಿಂತು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವರು ಊಟಕ್ಕೆದ್ದಾಗ ಸಲಾಕೆ ಎತ್ತಿಕೊಂಡಳು. ಇನ್ನೇನು ಭಟ್ಟಿಯ ಬಾಯಿಗೆ ಇಡಬೇಕು, ಮಸ್ತಾನಸಾಬ ಬಂದು ಕಸಿದುಕೊಂಡ. ಮೀಸೆ ಮೂಡುತ್ತಿದ್ದ ವಯಸ್ಸು ಅವನದು.

"ಬ್ಯಾಡ ಭಾಬಿ, ಭಟ್ಟಿ ಆರತದ."

"ನನ್ನ ಕೈಯಾಗಿನ ಕಟ್ಟಿಗಿ ದಿನಾ ತಿಂತದ. ಸಲಾಕಿ ಕಂಡ್ರ ಅಷ್ಟ ಸಿಟ್ಟು ಬರ್ತದೇನು ಅದಕ್ಕ?"

ಅವನು ಸಲಾಕೆಯನ್ನು ಬೆನ್ನ ಹಿಂದೆ ಅಡಗಿಸಿದ. ಕೊಡಲಿಲ್ಲ.

ಮುಂದೆ ಫಿರೋಜಾಬಾದಿನ ಅಗ್ಗದ ಬಳೆ ಲಾರಿಗಟ್ಟಲೆ ಬಂದಿಳಿಯಿತು. ಭಟ್ಟಿ ತಾನಾಗಿಯೇ ತಣ್ಣಗಾಯಿತು. ಮಸ್ತಾನಸಾಬ ಬಸ್ ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟ. ಗಂಡ ತೀರಿಕೊಂಡ ಮೇಲೆ ಸುಗರಾಬಿ ಬಳೆಯ ಬುಟ್ಟಿ ಹೊತ್ತಳು. ಬಾಚಣಿಗೆ, ರಿಬ್ಬನ್ನು ಮಾರುವ ಪಕ್ಕದ ಓಣಿಯ ಭೀಮಾಬಾಯಿ ಜೊತೆಗಾತಿ. ಇಬ್ಬರೂ ಶಹಾಪುರದ ಬಸ್ಸು ಹತ್ತಿ ಭೀಮರಾಯನಗುಡಿ ಕ್ಯಾಂಪಿನ ಮನೆಮನೆಗೂ ಹೋಗುವರು. ಬಿರುಸು ಕೈಗೆ ಬಳೆ ಏರಿಸುವುದರಲ್ಲಿ ಸುಗರಾಬಿಯದು ಒಂದೇ ಉಪಾಯ: "ನಿಮ್ಮ ಅತ್ತಿ ಹ್ಯಾಂಗದಾಳವ್ವ?" ಎಂದು ಕೇಳಿಬಿಡುವುದು. ಹುಡುಗಿ ಅತ್ತೆಯ ಪುರಾಣ ತೆಗೆಯುತ್ತಿದ್ದಂತೆ ಕೈ ಮೆತ್ತಗಾಗುತ್ತಿತ್ತು. ಪುರಾಣ ಮುಗಿಯುವಷ್ಟರಲ್ಲಿ ಡಜನ್ ಬಳೆ ಮಣಿಕಟ್ಟಿನಲ್ಲಿರುತ್ತಿದ್ದವು.

*

ಗಂಡಸರೆಲ್ಲ ಖಬರಸ್ತಾನದ ದಾರಿ ಹಿಡಿದು ಗಲ್ಲಿ ಬರಿದಾಯಿತು. ಹೆಂಗಸರು ಒಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಭೀಮಾಬಾಯಿ ಪಕ್ಕದ ಭಟ್ಟಿಮನೆಯಿಂದ ಓಡಿ ಬಂದಳು.

"ಹುಮೇರಾ, ಏಳವ್ವಾ! ಭಟ್ಟಿ ಮಂದ ಆಗ್ಯಾದ. ಒಬ್ಬ ಗಂಡ್ಸು ಇಲ್ಲ ಅಲ್ಲಿ!"

ಬೆಂಕಿ ನೋಡಿಕೊಳ್ಳಬೇಕಾದ ಅಸದನೂ ಹೆಗಲು ಕೊಡಲು ಹೋಗಿದ್ದ. ಯಾದಗಿರಿಯಿಂದ ಮೇಳಕ್ಕೆ ಬಂದಿದ್ದ, ಗಾಜಿನ ಮಣಿ ಮಾಡುವ ಶಿವರಂಜನಿ ಭೀಮಾಬಾಯಿಯ ಹಿಂದೆಯೇ ಬಂದಳು.

"ಕಾವು ಇಳದ್ರ ಒಳಗಿನ ಗಡಿಗಿ ಸೀಳತದ ಅಕ್ಕಾ. ಗಾಜೆಲ್ಲ ಕಲ್ಲಾಗಿ ಕುಂಡ್ರತದ. ಆಮ್ಯಾಲ ಭಟ್ಟಿ ಕೆಡವೂದ ಆಗ್ತದ."

"ಗಂಡಸ್ರು ಬರೂತನಕ ತಡಿಯಂಗಿಲ್ಲೇನು?"

"ತಡಿಯಂಗಿಲ್ಲ."

ಹುಮೇರಾ ಎದ್ದಳು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಅವಳ ಸೆರಗು ಹಿಡಿದಳು. "ಮಯ್ಯತ್ತಿನ ಮನಿ ಅದ. ಮಗಳಾಗಿ ಎಲ್ಲಿ ಹೊಂಟಿ?"

"ಇವತ್ತು ಭಟ್ಟಿ ಆರಿದ್ರ ಅಮ್ಮಿ ಹೆಸರು ಹೇಳ್ತಾರ, ಖಾಲಾ. ಊರು ಇರೂತನಕ ಹೇಳ್ತಾರ."

ಸೆರಗು ಕೊಸರಿಕೊಂಡು ಅವಳು ಓಡಿದಳು.

ಭಟ್ಟಿಯ ಬಾಯಿಗಳಲ್ಲಿ ಬೆಳಕು ಹುಣಸೆಹಣ್ಣಿನ ಬಣ್ಣಕ್ಕೆ ಇಳಿದಿತ್ತು. ಹುಮೇರಾ ಜಾಲಿಯ ತುಂಡು ತುರುಕಿದಳು. ಭೀಮಾಬಾಯಿ ಸೀರೆಯ ಕಚ್ಚೆ ಬಿಗಿದು ಹೊರೆ ಎಳೆದಳು. ಹೊಗೆ ಎದ್ದಿತೇ ಹೊರತು ಉರಿ ಏಳಲಿಲ್ಲ.

"ಸಣ್ಣ ಸಣ್ಣ ಸೀಳಿ ಹಾಕ್ರಿ! ತಿದಿ ಒತ್ತರಿ!" ಶಿವರಂಜನಿ ಕೂಗಿದಳು.

ಗಲ್ಲಿಯ ಹೆಂಗಸರು ಒಬ್ಬೊಬ್ಬರೇ ಬಂದರು. ಯಾರೋ ಕೊಡಲಿ ಹಿಡಿದರು, ಯಾರೋ ತಿದಿ ಒತ್ತಿದರು. ಸೆರಗು ಹಿಡಿದು ತಡೆದಿದ್ದ ಮುದುಕಿಯೂ ಕುಂಟುತ್ತಾ ಬಂದು ಗೋಣಿ ತುಂಬ ಒಣ ಕುಳ್ಳು ಸುರಿದಳು. "ಉರಿ, ಉರಿ ನನ್ನವ್ವ!" ಎಂದು ಭೀಮಾಬಾಯಿ ಬೆಂಕಿಗೇ ಬೈದಳೋ ಬೇಡಿಕೊಂಡಳೋ ತಿಳಿಯಲಿಲ್ಲ.

ಭುಸ್ಸೆಂದು ಉರಿ ಎದ್ದಿತು. ಎಲ್ಲರೂ ಒಟ್ಟಿಗೇ ಕೂಗಿದರು.

*

ಹಿಂದಿನ ದಿನವೂ ಇಂಥದ್ದೇ ಕೂಗು ಎದ್ದಿತ್ತು. ಎಷ್ಟೋ ವರ್ಷಗಳ ಮೇಲೆ ಮೇಳಕ್ಕೆಂದು ಹೊತ್ತಿಸಿದ ಭಟ್ಟಿಯನ್ನು ನೋಡಲು ಜನ ಗೋಡೆ ಹತ್ತಿ ನಿಂತಿದ್ದರು. ಶಿವರಂಜನಿ ಸಲಾಕೆ ಎತ್ತಿ, "ಯಾರಾದ್ರೂ ಮಾಡಿ ನೋಡ್ತೀರೇನ್ರಿ?" ಎಂದು ಸುಮ್ಮನೆ ಕೇಳಿದ್ದಳು. ಸುಗರಾಬಿ ಜನರನ್ನು ಮೊಣಕೈಯಿಂದ ಸರಿಸುತ್ತಾ ಬಂದು ಕೈ ಚಾಚಿದಳು. ಎಲ್ಲರೂ ಮಸ್ತಾನಸಾಬನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ.

ಮೊದಲ ಸಲ ಗಾಜು ಬೂದಿಗೆ ಬಿತ್ತು. ಎರಡನೆಯದು ನಡುವೆ ತುಂಡಾಯಿತು. ಆಮೇಲಿನದು ಸೊಟ್ಟಗೆ, ಒಂದು ಕಡೆ ದಪ್ಪ, ಒಂದು ಕಡೆ ದಾರದಷ್ಟು ತೆಳ್ಳಗೆ, ಆದರೂ ಬಳೆಯೇ. ಸುಗರಾಬಿ ಬೊಚ್ಚು ಬಾಯಿ ತೆರೆದು ನಕ್ಕಳು.

"ನೋಡ್ರಿ, ಆರಿಲ್ಲ!" ಎಂದಳು ಭಟ್ಟಿಯ ಕಡೆ ಬೆರಳು ಮಾಡಿ. ಮನೆಗೆ ಬಂದು ಮಗಳ ಮುಂದೆ ಅದನ್ನೇ ಹೇಳಿದಳು, ಅನ್ನ ತಿನ್ನುತ್ತಾ ಹೇಳಿದಳು, ಹಾಸಿಗೆಯಲ್ಲಿ ಮಗ್ಗುಲಾಗಿ ಇನ್ನೊಮ್ಮೆ ಹೇಳಿದಳು. ಬೆಳಗಿನ ನಮಾಜಿಗೆ ಹುಮೇರಾ ಎಬ್ಬಿಸಿದಾಗ ಏಳಲಿಲ್ಲ.

*

ಭಟ್ಟಿ ಈಗ ನುಚ್ಚಿನ ಗಡಿಗೆಯಂತೆ ಕುದಿಯುತ್ತಿತ್ತು. ಹೆಂಗಸರ ಮುಖಗಳೆಲ್ಲ ಕೆಂಪಾಗಿ ಹೊಳೆಯುತ್ತಿದ್ದವು. ಯಾರೂ ಮನೆಗೆ ಹೋಗುವ ಮಾತೆತ್ತಲಿಲ್ಲ.

ಹುಮೇರಾ ಗೋಡೆಗೆ ಒರಗಿಸಿದ್ದ ಸಲಾಕೆಯ ಮುಂದೆ ನಿಂತಳು. ಜನಾಜಾ ಹೊರಟಾಗ ಕೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ಅಂಗೈ ಕುಪ್ಪಸಕ್ಕೆ ಒರೆಸಿಕೊಂಡು ಸಲಾಕೆ ಎತ್ತಿ ಭಟ್ಟಿಯ ಬಾಯಿಗೆ ಇಟ್ಟಳು.

ಏನೂ ಆಗಲಿಲ್ಲ. ಗಾಜು ಜೇನಿನಂತೆ ತುದಿಗೆ ಅಂಟಿ ಬಂತು.

"ತಿರುವು, ತಿರುವು, ನಿಲ್ಲಿಸಬ್ಯಾಡ!" ಶಿವರಂಜನಿ ಕುಣಿದಾಡಿದಳು. ಹುಮೇರಾ ತಿರುವಿದಳು. ಅಳು ಬಂತು, ಕೈ ನಿಲ್ಲಿಸಲಿಲ್ಲ.

ಆಮೇಲೆ ತಡೆಯುವವರಿರಲಿಲ್ಲ. "ನನಗ ಕೊಡ", "ನಂದು ಪಾಳಿ" ಎಂದು ಸಾಲು ಹತ್ತಿತು. ಭೀಮಾಬಾಯಿ ಮಾಡಿದ ಬಳೆಯಲ್ಲಿ ಹೆಬ್ಬಂಡೆಯಂಥ ತೋಳೂ ತೂರುವಂತಿತ್ತು.

"ಇದು ಆನಿ ಕೈಗೆ ಏರಸ್ಬೇಕೇನಬೇ?"

"ಏರಸ್ತೇನಿ. ಆನಿಗೂ ಕೇಳ್ತೇನಿ, ನಿಮ್ಮತ್ತಿ ಹ್ಯಾಂಗದಾಳಂತ!"

ನಗು ಛಾವಣಿಗೆ ಬಡಿಯಿತು. ಮರುಕ್ಷಣ ತಟ್ಟನೆ ನಿಂತಿತು.

ಬಾಗಿಲಲ್ಲಿ ಮಸ್ತಾನಸಾಬ ನಿಂತಿದ್ದ. ಅವನ ಹಿಂದೆ ಮಣ್ಣು ಮಾಡಿ ಬಂದ ಗಂಡಸರು ಒಬ್ಬರ ಭುಜದ ಮೇಲೊಬ್ಬರು ಇಣುಕುತ್ತಿದ್ದರು. ಹೊರಗೆ ಹೊತ್ತು ಮುಳುಗುತ್ತಿತ್ತು. ಅವನು ಉರಿ ನೋಡಿದ. ಬೂದಿಯ ಮೇಲೆ ಆರಲು ಇಟ್ಟ ಸೊಟ್ಟ ಬಳೆಗಳನ್ನು ನೋಡಿದ. ಹುಮೇರಾಳ ಕೈಯಲ್ಲಿದ್ದ ಸಲಾಕೆಯನ್ನು ನೋಡಿದ.

"ಚಾಚಾ, ಆರಾಕತ್ತಿತ್ತು..." ಎಂದಳು ಹುಮೇರಾ.

"ತುದಿ ಬಗ್ಗಸಬ್ಯಾಡವ್ವ," ಎಂದ ಅವನು. "ಗಾಜು ಇಳೀತದ."

ಹಿಂದಿನಿಂದ ಅಸದ ಒಳಗೆ ನುಗ್ಗಲು ನೋಡಿದ. "ಸರೀರಿ ಚಾಚಾ, ಭಟ್ಟಿ ನಾವು ನೋಡ್ಕೋತೀವಿ."

"ಬಾಗಿಲದಾಗ ಗುಂಪು ನಿಂದರಬ್ಯಾಡ್ರಿ. ಹೊರಗಿನ ಗಾಳಿ ಹತ್ತಿದ್ರ ಬಿಸಿ ಬಳಿ ಸೀಳತಾವ," ಎಂದ ಮಸ್ತಾನಸಾಬ.

"ಒಳಗ ಬರೂಣೇನು ಮತ್ತ?"

"ಒಳಗ ಜಾಗ ಎಲ್ಲದ?"

ಮಸ್ತಾನಸಾಬ ಹೊರಗೆ ಸರಿದು ಬಾಗಿಲು ಎಳೆದುಕೊಂಡ. ಮೆಟ್ಟಿಲ ಮೇಲೆ ಕೂತ. ಉಳಿದವರೂ, ಫಿರೋಜಾಬಾದಿನವರೂ ಹೈದರಾಬಾದಿನವರೂ, ಗೋಡೆಗುಂಟ ಸಾಲಾಗಿ ಕುಕ್ಕರಿಸಿದರು. ಒಳಗೆ ಮತ್ತೆ ಕೂಗು, ಸಲಾಕೆಯ ಸದ್ದು. ಬಾಗಿಲಡಿಯ ಸಂದಿಯಿಂದ ಹೊರಬಿದ್ದ ಕೆಂಪು ಬೆಳಕು, ಖಬರಸ್ತಾನದ ಮಣ್ಣು ಮೆತ್ತಿದ ಅವರ ಪಾದಗಳ ಮೇಲೆ ಆಡುತ್ತಿತ್ತು.