ಸೋತ ತಂಡಕ್ಕೊಂದು ಗುಲಾಬಿ ಹಾರ

"ನಿಕಿತಾ, ನಮ್ಮ ಅಬ್ಬಾ ನಾಳೆ ಮ್ಯಾಚ್ ನೋಡೋಕೆ ಸ್ಯಾನ್ ಡಿಯಾಗೋಗೆ ಬರ್ತಾರಂತೆ ಕಣೇ! ಅಂಗಡಿಗೆ ರಜ ಹಾಕಿ, ವ್ಯಾನ್ ಬಾಡಿಗೆಗೆ ತಗೊಂಡು, ಹಾರ ಬೇರೆ ಆರ್ಡರ್ ಮಾಡಿದ್ದಾರೆ!" ಉಮೈಮಾ ಒಂದೇ ಉಸಿರಿಗೆ ಹೇಳಿದಳು.

"ಹಾರ ಯಾಕೆ?"

"ಅರ್ಷದ್ ಭಾಯ್‌ಗೆ! ಗೆದ್ದ ಮೇಲೆ ಹಾಕೋಕೆ!"

ನನ್ನ ಕೈಯಲ್ಲಿದ್ದ ಬರ್ಗರ್ ಕೈಯಲ್ಲೇ ಉಳಿಯಿತು. ನಮ್ಮ ಕಾಲೇಜಿನ ತಂಡ ಆ ವರ್ಷ, ಅಂದರೆ ೨೦೦೬ರಲ್ಲಿ, ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನೂ ಗೆದ್ದಿರಲಿಲ್ಲ. ನಾಳೆಯದು ಕೊನೆಯದು. ಎದುರಾಳಿ ಸ್ಯಾನ್ ಡಿಯಾಗೋದ ತಂಡ; ಅದು ಒಂದನ್ನೂ ಸೋತಿರಲಿಲ್ಲ.

ಉಮೈಮಾಳ ಅಣ್ಣ ಅರ್ಷದ್ ನಮ್ಮ ತಂಡದ ಪಂಟರ್. ಅಮೆರಿಕದ ಈ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಮುಂದೆ ನುಗ್ಗಬೇಕು. ನಮ್ಮವರು ಮೂರು ಸಲ ನುಗ್ಗಿ, ಮೂರು ಸಲವೂ ಮಣ್ಣುಮುಕ್ಕಿದ ಮೇಲೆ ಅರ್ಷದ್‌ನನ್ನು ಕರೆಯುತ್ತಾರೆ. ಅವನು ಬಂದು ಚೆಂಡನ್ನು ಎದುರಾಳಿಗಳ ಕಡೆಗೆ ದೂರ ಒದ್ದು ವಾಪಸು ಹೋಗುತ್ತಾನೆ. ತಂಡ ಎಷ್ಟು ಕೆಟ್ಟದಾಗಿ ಆಡುತ್ತದೋ ಅವನಿಗೆ ಅಷ್ಟು ಕೆಲಸ. ಆ ವರ್ಷ ಪಾಪ, ಅವನಿಗೆ ಕೂರಲು ಪುರುಸೊತ್ತೇ ಇರಲಿಲ್ಲ.

ಅವನ ಅಪ್ಪ ಮುಖ್ತಾರ್ ಅಂಕಲ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಗ್ಲೆಂಡೇಲ್‌ನಲ್ಲಿ ಅವರದು ಟೈಲ್ಸ್ ಅಂಗಡಿ, ಪಂದ್ಯ ನಡೆಯುವ ಶನಿವಾರವೇ ಭರ್ಜರಿ ವ್ಯಾಪಾರ. ಮೈಸೂರಿನಲ್ಲಿ ಕ್ಲಬ್ ಕ್ರಿಕೆಟ್ ಆಡಿದ್ದ ಅವರು ಪಂದ್ಯ ಮುಗಿದ ಮೇಲೆ ಮಗನಿಗೆ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಇವತ್ತು ಎಷ್ಟು ಸಲ ಕರೆದ್ರೋ ನಿನ್ನ?"

"ಒಂಬತ್ತು ಸಲ ಅಬ್ಬಾ."

"ಶಭಾಷ್! ಕೋಚ್‌ಗೆ ನಿನ್ನ ಮೇಲೆ ಎಷ್ಟು ನಂಬಿಕೆ ನೋಡು!"

ಅರ್ಷದ್ ಸುಳ್ಳು ಹೇಳುತ್ತಿರಲಿಲ್ಲ; ಕೇಳದ್ದನ್ನು ಹೇಳಲು ಹೋಗುತ್ತಿರಲಿಲ್ಲ, ಅಷ್ಟೇ. ಅಂಕಲ್ ಮೊದಲೇ ಷರತ್ತು ಹಾಕಿದ್ದರು: ಒಂದು ವರ್ಷ ಆಡು, ದಂಡ ಅನ್ನಿಸಿದರೆ ಮುಂದಿನ ವರ್ಷದಿಂದ ಶನಿವಾರ ಅಂಗಡಿಗೆ ಬಾ.

ಮರುದಿನ ವ್ಯಾನ್ ಓಡಿಸಿದ್ದು ನನ್ನ ಅಪ್ಪ ಜಯಂತ. ಉಮೈಮಾಳ ಅಮ್ಮ ಕನೀಜ್ ಫಾತಿಮಾ ಆಂಟಿಯ ಬಿರಿಯಾನಿ ದೇಗ್ಚಿ ಟವೆಲ್ ಸುತ್ತಿಕೊಂಡು ನಮ್ಮ ಕಾಲ ಬಳಿ ಕೂತಿತ್ತು. ಭಾರತೀಯರ ಅಂಗಡಿಗಳಿರುವ ಆರ್ಟೀಶಿಯಾದಿಂದ ತಂದ ಗುಲಾಬಿ ಹಾರಕ್ಕೆ ಐಸ್ ಬಾಕ್ಸಿನಲ್ಲಿ ರಾಜಮರ್ಯಾದೆ. ದಾರಿಯುದ್ದಕ್ಕೂ ನಾನೂ ಉಮೈಮಾನೂ ಮುಖ ಮುಖ ನೋಡಿಕೊಂಡೆವು.

ಕ್ರೀಡಾಂಗಣದಲ್ಲಿ ನಮ್ಮ ಸುತ್ತ ಬರೀ ಸ್ಯಾನ್ ಡಿಯಾಗೋದವರೇ. ಅರ್ಷದ್ ಮೊದಲ ಸಲ ಮೈದಾನಕ್ಕಿಳಿದಾಗ ಅಂಕಲ್ ಎದ್ದು ಕುಣಿದರು.

"ಬಂದ! ನಮ್ ಹುಡುಗ ಬಂದ!"

ಚೆಂಡು ಆಕಾಶಕ್ಕೇರಿತು.

"ಸಿಕ್ಸರ್!"

"ಅವರ ಹುಡುಗ ಕ್ಯಾಚ್ ಹಿಡಿದ್ನಲ್ರೀ," ಎಂದರು ಆಂಟಿ.

"ಹಿಡೀಲಿ ಬಿಡು. ಈ ಆಟದಲ್ಲಿ ಔಟೇ ಇಲ್ಲ."

ಅರ್ಷದ್ ಮತ್ತೆ ಬಂದ, ಮತ್ತೆ ಮತ್ತೆ ಬಂದ. ಪ್ರತಿ ಸಲವೂ ನಮ್ಮ ಸಾಲಿನಲ್ಲಿ ಮದುವೆ ಮನೆಯ ಗದ್ದಲ. ಮುಂದೆ ಕೂತಿದ್ದ ಅಜ್ಜನೊಬ್ಬ ತಡೆಯಲಾರದೆ ಹಿಂದಕ್ಕೆ ತಿರುಗಿ, ನಿಮ್ಮಷ್ಟು ಖುಷಿಯಾಗಿ ಸೋಲುವವರನ್ನು ನಾನು ನೋಡೇ ಇಲ್ಲ, ತಂಡ ಕೈಚೆಲ್ಲಿದಾಗ ತಾನೇ ಆ ಹುಡುಗ ಬರುವುದು, ಎಂದು ನಕ್ಕ.

ಅಂಕಲ್ ಆಗ ಮೊದಲ ಸಲ ಸ್ಕೋರ್‌ಬೋರ್ಡ್ ನೋಡಿದರು. ಅವರು ಮೂವತ್ತೊಂದು, ನಾವು ಸೊನ್ನೆ.

"ಹೌದೇನಮ್ಮಾ ನಿಕಿತಾ?"

"ಹೌದು ಅಂಕಲ್."

"ಈ ವರ್ಷ ಎಷ್ಟು ಗೆದ್ದಿದ್ದಾರೆ?"

ಉಮೈಮಾ ತನ್ನ ಶೂ ಲೇಸ್ ಕಟ್ಟತೊಡಗಿದಳು. ನಾನು ಬೆರಳಲ್ಲಿ ಸೊನ್ನೆ ಮಾಡಿ ತೋರಿಸಿದೆ.

"ಅಂದ್ರೆ ಎಲ್ಲಾ ಹಾಳಾದ್ಮೇಲೆ ನಮ್ ಹುಡುಗನ್ನ ಕರೀತಾರೆ?"

"ವಿಕೆಟ್ ಬಿದ್ಮೇಲೆ ಇಳಿಸೋ ನೈಟ್ ವಾಚ್‌ಮನ್ ಕಣ್ರೀ ಮುಖ್ತಾರ್," ಎಂದ ನನ್ನ ಅಪ್ಪ. "ನೀವೂ ಮೈಸೂರಲ್ಲಿ ಅದೇ ತಾನೇ?"

"ನಾನು ಓಪನರ್ ರೀ!"

"ಒಂದು ಮ್ಯಾಚಲ್ಲಿ," ಎಂದರು ಆಂಟಿ.

ಎಲ್ಲರೂ ನಕ್ಕೆವು. ಅಂಕಲ್ ನಗಲಿಲ್ಲ. ಹಾರದ ಐಸ್ ಬಾಕ್ಸನ್ನು ಸೀಟಿನ ಕೆಳಕ್ಕೆ ತಳ್ಳಿದರು.

ಪಂದ್ಯ ಮುಗಿಯುತ್ತಾ ಬಂದಾಗ ಅರ್ಷದ್ ಕೊನೆಯ ಸಲ ಬಂದ. ನಮ್ಮ ಸಾಲಿನಲ್ಲಿ ಯಾರೂ ಕೂಗಲಿಲ್ಲ. ಅವನು ಒದ್ದ ಚೆಂಡು ನೆಲಕ್ಕೆ ಬಿದ್ದು, ಕುಡಿದವನಂತೆ ವಾಲಾಡುತ್ತಾ ಹೋಗಿ, ಎದುರಾಳಿಗಳ ಗೋಲ್ ಗೆರೆಗೆ ಒಂದು ಗೇಣು ಈಚೆಗೆ ನಿಂತುಬಿಟ್ಟಿತು. ಅವರು ಅಲ್ಲಿಂದಲೇ ಆಟ ಶುರುಮಾಡಬೇಕಾಯಿತು. ಚೆಂಡು ಹಿಡಿದ ಹುಡುಗನನ್ನು ನಮ್ಮ ಗುಡ್ಡದಂಥ ಆಟಗಾರನೊಬ್ಬ ಅವರದೇ ಗೆರೆಯ ಹಿಂದೆ ಕೆಡವಿದ. ಹಾಗೆ ಕೆಡವಿದರೆ ನಮಗೆ ಎರಡು ಪಾಯಿಂಟ್.

ಸೊನ್ನೆ ಇದ್ದ ಜಾಗದಲ್ಲಿ ಎರಡು ಹೊಳೆಯಿತು! ನಮ್ಮ ಹುಡುಗರು ವಿಶ್ವಕಪ್ ಗೆದ್ದವರಂತೆ ಒಬ್ಬರ ಮೇಲೊಬ್ಬರು ಬಿದ್ದರು.

"ಇದು ಯಾರ ಲೆಕ್ಕಕ್ಕೆ?" ಅಂಕಲ್ ಕೇಳಿದರು.

"ಕೆಡವಿದ್ದು ಅವನು ಅಂಕಲ್. ಆದ್ರೆ ಅವರನ್ನ ಮೂಲೆಗೆ ತಳ್ಳಿದ್ದು ಅರ್ಷದ್."

ಅಂಕಲ್ ಸೀಟಿನ ಮೇಲೆ ಹತ್ತಿ ನಿಂತು, "ಎರಡು ರನ್!" ಎಂದು ಕಿರುಚಿದರು. ಮುಂದಿನ ಅಜ್ಜನೂ ಎದ್ದು ಚಪ್ಪಾಳೆ ತಟ್ಟಿದ.

ಪಾರ್ಕಿಂಗಿಗೆ ಬಂದ ಅರ್ಷದ್, ಅಂಕಲ್ ಕೈಯಲ್ಲಿ ಹಾರ ಕಂಡು ದೂರದಲ್ಲೇ ನಿಂತ.

"ಸೋತ್ವಿ ಅಬ್ಬಾ."

"ನಂಗೂ ಕಣ್ಣಿದೆ."

"ಎಲ್ಲಾ ಮ್ಯಾಚೂ."

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಅಂಗಡಿಗೆ ಬಾ ಅಂತಿದ್ರಿ."

ಅಂಕಲ್ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಮೊಣಕೈಯಲ್ಲಿ ರಕ್ತ, ಕಿವಿಯಲ್ಲಿ ಹುಲ್ಲು.

"ಅಂಗಡಿಗೆ ನೀನು ಬರಲೇಬೇಡ ಮಾರಾಯ. ಬಂದ ಗಿರಾಕಿನೆಲ್ಲಾ ದೂರಕ್ಕೆ ಒದ್ದು ಕಳಿಸ್ತೀಯ. ಮುಂದಿನ ವರ್ಷನೂ ಇಲ್ಲೇ ಒದ್ಕೊಂಡಿರು."

ಉಮೈಮಾ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಂಡಿದಳೆಂದರೆ ನಾನು ಕೂಗಿಕೊಂಡೆ. ಅಂಕಲ್ ಹಾರ ಹಾಕಿದರು. ಅರ್ಷದ್ ಅದನ್ನು ತೆಗೆದು, ಬಿರಿಯಾನಿ ವಾಸನೆ ಹಿಡಿದು ಬಂದಿದ್ದ ಆ ಗುಡ್ಡದಂಥ ಹುಡುಗನಿಗೆ ಹಾಕಲು ಹೋದ. ಅದು ತಲೆಯಿಂದ ಕೆಳಗೆ ಇಳಿಯಲಿಲ್ಲ. ಕಿರೀಟದಂತೆ ಅಲ್ಲೇ ಕೂತಿತು. ಅವನು ಹಾಗೇ ಕೂತು ಮೂರು ತಟ್ಟೆ ಬಿರಿಯಾನಿ ಹೊಡೆದ.

"ನಾಳೆ ಬೆಳಿಗ್ಗೆ ಹತ್ತಕ್ಕೆ ರೆಡೊಂಡೊ ಬೀಚ್," ಎಂದರು ಅಂಕಲ್. "ಚೆಂಡು ತಗೊಂಡ್ ಬಾ. ಅದನ್ನ ಹೇಗೆ ಒದೀತಾರೆ ಅಂತ ನಾನೂ ನೋಡ್ಬೇಕು. ಜಯಂತ, ನೀವು ಫೀಲ್ಡಿಂಗ್‌ಗೆ."

"ನಿಮ್ಮ ಸೊಂಟ ಹಿಡಿಯೋಕೂ ಒಬ್ಬರು ಬೇಕು," ಎಂದರು ಆಂಟಿ.

"ಮೈಯೆಲ್ಲಾ ನೋವು ಅಬ್ಬಾ. ಹನ್ನೊಂದಕ್ಕೆ?"

"ಹನ್ನೊಂದು. ಲೇಟ್ ಮಾಡ್ಬೇಡ."