ಚೇಳುಮೀನು ನೋಡಿದ ನೀರು

ಊರೊಂದರ ನಡುವೆ ಕೆರೆಯಿತ್ತು. ಅಗಲ ಸಾಕಷ್ಟಿತ್ತು, ಆಳ ಮಾತ್ರ ಎಲ್ಲೂ ಎದೆಮಟ್ಟ ದಾಟುತ್ತಿರಲಿಲ್ಲ. ಮೂರು ಬೀದಿಗಳ ಮೋರಿ ಅದಕ್ಕೇ ಬಂದು ಸೇರುತ್ತಿತ್ತು. ಆ ಕೆರೆಯ ಮೀನುಗಳು ತಮ್ಮಲ್ಲೇ ಒಂದನ್ನು ನೀರುಗಂಟಿಯಾಗಿ ಆರಿಸಿಕೊಳ್ಳುತ್ತಿದ್ದವು. ಮನುಷ್ಯರ ನೀರುಗಂಟಿ ಗದ್ದೆಗೆ ನೀರು ಬಿಡುವವನು. ಮೀನುಗಳ ನೀರುಗಂಟಿಯ ಕೆಲಸ ನೀರು ಬದುಕಲು ಯೋಗ್ಯವೇ ಎಂದು ಹೇಳುವುದು.

ಆರಿಸುವ ಪದ್ಧತಿ ಹಳೆಯದು. ಮೋರಿ ಬಂದು ಬೀಳುವ ಮೂಲೆಯಲ್ಲಿ ಯಾವ ಮೀನು ಹೆಚ್ಚು ಹೊತ್ತು ನಿಲ್ಲುತ್ತದೋ ಅದಕ್ಕೆ ಹುದ್ದೆ. ಕೆಟ್ಟ ನೀರನ್ನು ತಾಳಿಕೊಂಡವರಿಗೇ ನೀರಿನ ವಿಷಯ ಚೆನ್ನಾಗಿ ಗೊತ್ತು ಎಂಬುದು ಹಿರಿಯರ ತರ್ಕ. ಎಷ್ಟೋ ವರ್ಷಗಳಿಂದ ಪ್ರತಿ ಸಲವೂ ಚೇಳುಮೀನೇ ಗೆಲ್ಲುತ್ತಿತ್ತು.

ಚೇಳುಮೀನಿಗೆ ನಾಲ್ಕು ಜೊತೆ ಮೀಸೆ, ಗಂಭೀರ ಮುಖ. ಅದು ಸುಳ್ಳು ಹೇಳುತ್ತಿರಲಿಲ್ಲ. ಆಗಾಗ ಮೇಲೆ ಹೋಗಿ, ಬಾಯಿ ನೀರಿನಿಂದಾಚೆ ಇಟ್ಟು, ಒಂದು ಗುಕ್ಕು ಗಾಳಿ ನುಂಗಿ ಬರುತ್ತಿತ್ತು. ಯಜಮಾನರು ಆಕಾಶ ನೋಡಿ ಬರುತ್ತಾರೆ ಎಂದು ಉಳಿದ ಮೀನುಗಳು ತಿಳಿದಿದ್ದವು. ಅದು ತನ್ನದೊಂದು ಅಭ್ಯಾಸ ಎಂದು ಚೇಳುಮೀನೂ ತಿಳಿದಿತ್ತು. ತಾನು ಬದುಕಿರುವುದೇ ಆ ಗಾಳಿಯಿಂದ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಗೆಂಡೆಮೀನಿಗೆ ಈ ಅನುಕೂಲವಿರಲಿಲ್ಲ. ಅದಕ್ಕೆ ಬೇಕಾದ ಉಸಿರೆಲ್ಲ ನೀರಿನಲ್ಲೇ ಸಿಗಬೇಕಿತ್ತು. ಆ ಮಳೆಗಾಲದಲ್ಲಿ ಅದಕ್ಕೆ ಮುನ್ನೂರು ಮರಿಗಳಿದ್ದವು. ನೀರು ಹಸಿರುಗಟ್ಟಿದ ಮೇಲೆ ದಿನವೂ ಬೆಳಗಿನ ಜಾವ ಒಂದಷ್ಟು ಮರಿಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ಈಗ ಉಳಿದವು ಎಪ್ಪತ್ತು.

ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಕೆರೆ ತುಂಬಿ ಕೋಡಿ ಹರಿಯುತ್ತಿತ್ತು; ಆ ನೀರು ಕೆಳಗಿನ ಹಳೆಯ ಕಲ್ಲುಗಣಿಯ ಹೊಂಡಕ್ಕೆ ಇಳಿಯುತ್ತಿತ್ತು. ಕೋಡಿಯುದ್ದಕ್ಕೂ ಬೆಳ್ಳಕ್ಕಿಗಳು ಕಾದು ನಿಂತಿದ್ದವು. ಒಂದೆರಡು ಮೀನು ಹೋದರೆ ಅವುಗಳ ಪಾಲು. ಸಾವಿರ ಮೀನು ಒಟ್ಟಿಗೆ ಹೋದರೆ ಹೆಚ್ಚಿನವು ದಾಟುತ್ತವೆ. ಆದರೆ ಎಲ್ಲವೂ ಹೊರಡಬೇಕಾದರೆ ನೀರು ಕೆಟ್ಟಿದೆ ಎಂದು ನೀರುಗಂಟಿ ಹೇಳಬೇಕು. ಮಳೆ ನಿಂತು ವಾರವಾಗಿತ್ತು. ಕೋಡಿ ಇನ್ನು ಎರಡು ದಿನ ಹರಿದರೆ ಹೆಚ್ಚು.

“ಯಜಮಾನ್ರೇ, ಉಸಿರು ಸಾಲ್ತಿಲ್ಲ. ಮಕ್ಕಳು ಸಾಯ್ತಿವೆ,” ಎಂದಿತು ಗೆಂಡೆ.

“ಬೆಳಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ. ನನಗೇನೂ ಆಗಲಿಲ್ಲವಲ್ಲಮ್ಮ,” ಎಂದಿತು ಚೇಳುಮೀನು.

ಬೆರಳುದ್ದದ ಪಕ್ಕೆಮೀನು ನಡುವೆ ಬಾಯಿ ಹಾಕಿತು. “ಉಸಿರು ಸಾಲದೇನೇ ಅಕ್ಕ ಇಷ್ಟು ಮಾತಾಡ್ತಾಳೆ. ಸಾಕಷ್ಟಿದ್ದಿದ್ರೆ ಈ ಕೆರೇಲಿ ನಾವಿರೋಕಾಗ್ತಿತ್ತಾ?”

ಎಲ್ಲ ಮೀನುಗಳೂ ನಕ್ಕವು. ನಕ್ಕದ್ದಕ್ಕೆ ಅವಕ್ಕೂ ಏದುಸಿರು ಬಂತು.

ಗೆಂಡೆ ನಗಲಿಲ್ಲ. “ನೀವು ಮೇಲೆ ಹೋಗಿ ಹೋಗಿ ಬರ್ತೀರಿ, ಯಜಮಾನ್ರೇ. ಒಂದು ಸಲ ಹೋಗದೆ ನೋಡಿ. ನಮ್ಮ ಹಾಗೆ ತಳದಲ್ಲೇ ಇದ್ದು ಆಮೇಲೆ ಹೇಳಿ.”

“ಇರ್ತಾರೆ ಬಿಡಕ್ಕ,” ಎಂದಿತು ಪಕ್ಕೆ. “ಒಂದು ದಿನ ಆಕಾಶ ನೋಡದಿದ್ರೆ ಯಜಮಾನ್ರ ಮೀಸೆ ಉದುರುತ್ತಾ?”

ಮೀಸೆಯ ಮಾತು ಬಂದ ಮೇಲೆ ಚೇಳುಮೀನು ಹಿಂಜರಿಯುವಂತಿರಲಿಲ್ಲ. ಅದು ತಳದ ಕೆಸರಿನ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಅದರ ಮೀಸೆಗಳು ಜೋತುಬಿದ್ದವು. ಇನ್ನಷ್ಟು ಹೊತ್ತಿಗೆ ಮೈ ಸೆಳೆಯಿತು. “ನೀರು ಕೆಟ್ಟಿದೆ,” ಎಂದು ಹೇಳಿ ಅದು ಮೇಲಕ್ಕೆ ಧಾವಿಸಿತು.

ಯಜಮಾನರಿಗೇ ಹೀಗಾದ ಮೇಲೆ ಉಳಿದವಕ್ಕೆ ಅನುಮಾನವೆಲ್ಲಿ? ಆ ದಿನವೇ ಕೆರೆಯ ಮೀನುಗಳೆಲ್ಲ ಕೋಡಿ ಇಳಿದವು. ಬೆಳ್ಳಕ್ಕಿಗಳಿಗೆ ಸಿಕ್ಕಿದ್ದು ಸಿಕ್ಕಿತು. ಉಳಿದವು ಹೊಂಡ ಸೇರಿದವು. ಗೆಂಡೆಯ ಮರಿಗಳಲ್ಲಿ ಅರವತ್ತೊಂದು ದಾಟಿದ್ದವು.

ಹೊಂಡ ಆಳವಾಗಿತ್ತು. ಅದಕ್ಕೆ ಯಾವ ಮೋರಿಯೂ ಸೇರುತ್ತಿರಲಿಲ್ಲ. ಮರುದಿನ ಬೆಳಗಿನ ಜಾವ ಗೆಂಡೆ ಮರಿಗಳನ್ನು ಎಣಿಸಿತು. ಅರವತ್ತೊಂದೂ ಇದ್ದವು. ಎರಡನೆಯ ಸಲ ಎಣಿಸಿದರೂ ಅಷ್ಟೇ ಇದ್ದವು.

ಅಷ್ಟರಲ್ಲಿ ಸಭೆ ಸೇರಿತ್ತು. ಹೊಸ ನೀರಾದ್ದರಿಂದ ನೀರುಗಂಟಿ ನೋಡಲೇಬೇಕು. ಹೊಸ ಪದ್ಧತಿಯಂತೆ ಮೇಲೆ ಹೋಗದೆ ನೋಡಬೇಕು. ಚೇಳುಮೀನು ತಳಕ್ಕಿಳಿದು ಕೂತಿತು. ಸ್ವಲ್ಪ ಹೊತ್ತಿಗೆ ಮೀಸೆಗಳು ಜೋತುಬಿದ್ದವು. “ಇದೂ ಕೆಟ್ಟಿದೆ,” ಎಂದು ಹೇಳಿ ಅದು ಮೇಲಕ್ಕೆ ಧಾವಿಸಿತು. ಈ ಸಲವೂ ಅದು ಸುಳ್ಳು ಹೇಳಿರಲಿಲ್ಲ.

ಗೆಂಡೆಗೆ ಆಗ ಅರ್ಥವಾಯಿತು. “ಯಜಮಾನ್ರು ಎಲ್ಲಿ ಮುಳುಗಿ ಕೂತರೂ ಹೀಗೇ ಆಗುತ್ತೆ. ಅವರು ಗಾಳಿ ಉಸಿರಾಡೋರು. ನೀರು ಚೆನ್ನಾಗಿದೆ.”

“ಪರೀಕ್ಷೆ ನಿನ್ನದೇ ಅಲ್ವೇನಮ್ಮ?” ಎಂದಿತು ಒಂದು ಮುದಿ ಮೀನು.

“ನನ್ನದೇ. ತಪ್ಪಾಯ್ತು.”

“ನಿನ್ನೆ ಸರಿಯಿತ್ತು, ಇವತ್ತು ತಪ್ಪಾಯ್ತಾ?”

ಎರಡೂ ನೀರು ಕೆಟ್ಟದ್ದಾದರೆ ಹುಟ್ಟಿದ ನೀರೇ ಮೇಲು ಎಂದು ಸಭೆ ತೀರ್ಮಾನಿಸಿತು. ಕೋಡಿ ಆಗಲೇ ಸಣ್ಣಗಾಗಿತ್ತು. ಚೇಳುಮೀನು ಮುಂದೆ, ಉಳಿದವು ಹಿಂದೆ, ಹರಿವಿಗೆ ಎದುರಾಗಿ ಹೊರಟವು. ಗೆಂಡೆ ಮರಿಗಳನ್ನು ಹೊಟ್ಟೆಯಡಿಗೆ ಸೇರಿಸಿಕೊಂಡು ಕಲ್ಲಿನ ಮರೆಯಲ್ಲಿ ನಿಂತಿತು.

ಕೊನೆಗೆ ಉಳಿದದ್ದು ಪಕ್ಕೆ. ಅದು ತಿರುಗಿ ಗೆಂಡೆಯ ಹತ್ತಿರ ಬಂತು.

“ಬಾ ಅಕ್ಕ. ಒಬ್ಬಳೇ ಇಲ್ಲೇನು ಮಾಡ್ತೀಯ?”

“ಉಸಿರಾಡ್ತೀನಿ. ನಿಜ ಹೇಳು, ನಿನಗಿಲ್ಲಿ ಉಸಿರು ಕಟ್ತಿದೆಯಾ?”

ಪಕ್ಕೆ ಕಿವಿರು ಅಗಲಿಸಿ ನೋಡಿಕೊಂಡಿತು. “ಇಲ್ಲ. ಇಷ್ಟು ಸಲೀಸಾಗಿ ನಾನು ಯಾವತ್ತೂ ಉಸಿರಾಡಿಲ್ಲ.”

“ಮತ್ತೆ?”

“ಆದ್ರೆ ಯಜಮಾನ್ರಿಗೆ ಆಗ್ಲಿಲ್ವಲ್ಲ ಅಕ್ಕ,” ಎಂದಿತು ಪಕ್ಕೆ. ಇನ್ನೊಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು, ಗುಂಪಿನ ಹಿಂದೆ ಕೋಡಿ ಹತ್ತಿತು.